ಮನೆ ರಕ್ಷಣೆಯ ಕೋವಿಗೆ ಯಾವ ಕಾಡತೂಸು? ಗೋಡೆ ದಾಟುವ ಭಯ, ಸದ್ದಿನ ಭಯ

ಪ್ರಶ್ನೆ: ಅಡಿಕೆ ಬೆಳೆಗಾರ, ಚನ್ನಗಿರಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಭದ್ರಾ ನಾಲೆಯ ಪಕ್ಕದ ತೋಟದ ಮನೆಯಲ್ಲಿ ನಾನು, ನನ್ನ ಹೆಂಡತಿ, ಒಂಬತ್ತು ಮತ್ತು ಐದು ವರ್ಷದ ಇಬ್ಬರು ಮಕ್ಕಳು ಹಾಗೂ ನನ್ನ ತಂದೆ ವಾಸವಾಗಿದ್ದೇವೆ. ಊರು ಒಂದೂವರೆ ಕಿಲೋಮೀಟರ್ ದೂರದಲ್ಲಿದೆ. ಕೊಯ್ಲಿನ ಕಾಲದಲ್ಲಿ ಬೇಯಿಸಿದ ಅಡಿಕೆ ಅಂಗಳದಲ್ಲಿ ಒಣಗುತ್ತಿರುತ್ತದೆ, ಚೀಲಗಳು ಪಡಸಾಲೆಯಲ್ಲಿರುತ್ತವೆ. ಕಳೆದ ಕೊಯ್ಲಿನಲ್ಲಿ ಒಂದು ರಾತ್ರಿ ಎರಡು ಗಂಟೆಯ ಸುಮಾರಿಗೆ ಯಾರೋ ಹಿಂಬಾಗಿಲಿನ ಚಿಲಕವನ್ನು ಹಾರೆಯಿಂದ ಮೀಟಿದರು. ನಾಯಿ ಬೊಗಳಿ, ನಾನು ದೀಪ ಹಾಕಿದ ಮೇಲೆ ಓಡಿಹೋದರು. ಅಂದಿನಿಂದ ಹೆಂಡತಿಗೆ ಸರಿಯಾಗಿ ನಿದ್ದೆಯಿಲ್ಲ.

ಮನೆಯಲ್ಲಿ ತಂದೆಯವರ 12 ಬೋರಿನ ಜೋಡುನಳಿಗೆ ಕೋವಿಯಿದೆ. ಅವರಿಗೆ 70 ತುಂಬಿದ ಮೇಲೆ ಪರವಾನಗಿಯನ್ನು ನನ್ನ ಹೆಸರಿಗೆ ಮಾಡಿಸಿಕೊಂಡಿದ್ದೇವೆ. ಕಪಾಟಿನಲ್ಲಿ ತಂದೆಯವರು ಇಟ್ಟುಕೊಂಡಿದ್ದ ಒಂದಷ್ಟು ನಾಲ್ಕನೇ ನಂಬರಿನ (ಸಣ್ಣ ಸೀಸದ ಗುಂಡುಗಳ) ಕಾಡತೂಸುಗಳಿವೆ, ನಾನು ಎರಡು ವರ್ಷದ ಹಿಂದೆ ತಂದ ಒಂದು ಪೆಟ್ಟಿಗೆ ಎಲ್‌ಜಿ (ದಪ್ಪ ಗುಂಡುಗಳದು) ಇದೆ. ಯಾರನ್ನೂ ಹೊಡೆಯುವ ಆಸೆ ನನಗಿಲ್ಲ. ಆದರೆ ಬಾಗಿಲು ಮುರಿದು ಒಳಗೆ ಬಂದವನ ಕೈಯಲ್ಲಿ ಮಚ್ಚಿದ್ದರೆ ಏನು ಮಾಡಬೇಕೆಂದು ಮೊದಲೇ ಯೋಚಿಸಿರಬೇಕೆಂದು ನನಗನಿಸುತ್ತದೆ.

ಮನೆಯ ಮುಂಭಾಗ ಒಂಬತ್ತು ಅಂಗುಲದ ಇಟ್ಟಿಗೆ ಗೋಡೆಯ ಹೊಸ ಕಟ್ಟಡ. ಹಿಂಭಾಗ ಅಜ್ಜನ ಕಾಲದ ಮಣ್ಣಿನ ಗೋಡೆ, ಮಂಗಳೂರು ಹೆಂಚು. ಎರಡರ ನಡುವೆ ಪ್ಲೈವುಡ್ಡಿನ ಫ್ಲಶ್ ಬಾಗಿಲಿದೆ. ಪಡಸಾಲೆಯಿಂದ ನೇರಕ್ಕೆ ಮಕ್ಕಳ ಕೋಣೆಯ ಬಾಗಿಲು. ಅಡುಗೆಮನೆಯ ಹಿಂದೆ 40 ಅಡಿ ದೂರದಲ್ಲಿ ನಮ್ಮಲ್ಲಿ ಕೆಲಸ ಮಾಡುವ ಕುಟುಂಬದ ತಗಡಿನ ಮನೆಯಿದೆ, ಅಲ್ಲಿಯೂ ಒಂದು ಕೂಸಿದೆ. ನನ್ನ ಎರಡು ಪ್ರಶ್ನೆಗಳು ಇವು. ಎದುರಿನವನನ್ನು ತಡೆಯುವಷ್ಟು ಶಕ್ತಿಯಿದ್ದೂ ಗೋಡೆ ಬಾಗಿಲುಗಳನ್ನು ದಾಟಿ ಮಕ್ಕಳಿಗೋ ಆ ಕುಟುಂಬಕ್ಕೋ ತಗಲದಂತಹ ಕಾಡತೂಸು ಯಾವುದು? ಮುಚ್ಚಿದ ಕೋಣೆಯಲ್ಲಿ 12 ಬೋರಿನ ಈಡು ಹಾರಿದರೆ ಮಕ್ಕಳ ಕಿವಿ ಉಳಿಯುತ್ತದೆಯೇ, ಸದ್ದು ಕಡಿಮೆಯಿರುವ ಕಾಡತೂಸು ಏನಾದರೂ ಸಿಗುತ್ತದೆಯೇ? ಇಂಟರ್‌ನೆಟ್ಟಿನಲ್ಲಿ ಓದಿದ್ದೆಲ್ಲ ಅಮೆರಿಕದ ಮನೆಗಳಿಗೆ ಸಂಬಂಧಿಸಿದ್ದು. ನಮ್ಮ ಕಡೆಯ ಮನೆಗಳನ್ನು ಬಲ್ಲವರು ಹೇಳಬೇಕು.

ಉತ್ತರ: ನಿವೃತ್ತ ಆರ್ಮರರ್, ದಾವಣಗೆರೆ

ನಿಮ್ಮ ಪ್ರಶ್ನೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಮನೆಯ ನಕ್ಷೆ. ಕಾಡತೂಸಿನ ವಿಚಾರಕ್ಕೆ ಆಮೇಲೆ ಬರುತ್ತೇನೆ. ಅದಕ್ಕಿಂತ ಮೊದಲು ಕೋವಿಯ ಬಗ್ಗೆ ಒಂದು ಮಾತು, ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ತಂದೆಯವರ ಕಾಲದ ಕೋವಿ ಎಂದಿರಿ. ಹಳೆಯ ಜೋಡುನಳಿಗೆಗಳಲ್ಲಿ ಅನೇಕವು ಎರಡೂವರೆ ಅಂಗುಲದ, ಅಂದರೆ 65 ಮಿಲಿಮೀಟರ್ ಉದ್ದದ ಕಾಡತೂಸಿಗೆಂದು ತಯಾರಾದವು. ಈಗ ಮಾರುಕಟ್ಟೆಯಲ್ಲಿ 70 ಮಿಲಿಮೀಟರಿನವೂ ಸಿಗುತ್ತವೆ. ಪೆಟ್ಟಿಗೆಯ ಮೇಲೆ ಬರೆದಿರುವ ಅಳತೆ ಈಡು ಹಾರಿ ಬಾಯಿ ಬಿಚ್ಚಿಕೊಂಡ ಮೇಲಿನ ಉದ್ದ. ಹಾರಿಸುವ ಮುನ್ನ ಬಾಯಿ ಮಡಚಿರುವುದರಿಂದ 70ರ ಕಾಡತೂಸು, ನಳಿಗೆಯ ಬುಡದಲ್ಲಿ ಕಾಡತೂಸು ಕೂರುವ 65ರ ಕೋಣೆಯೊಳಗೆ ಯಾವ ತಕರಾರೂ ಇಲ್ಲದೆ ಕೂತುಬಿಡುತ್ತದೆ, ಕೋವಿ ಸಲೀಸಾಗಿ ಮುಚ್ಚುತ್ತದೆ, ಅಪಾಯವಿರುವುದೇ ಅಲ್ಲಿ. ಹಾರಿದಾಗ ಮಡಿಕೆ ಬಿಚ್ಚಿಕೊಳ್ಳಲು ಜಾಗ ಸಾಲದೆ ನಳಿಗೆಯ ಕಿರಿದಾಗುವ ಭಾಗಕ್ಕೆ ಒತ್ತಿಕೊಂಡು ಒಳಗಿನ ಒತ್ತಡ ಏರುತ್ತದೆ. ಕೋವಿಯನ್ನು ಬಿಚ್ಚಿ ನಳಿಗೆಯ ಬುಡದ ಕೆಳಭಾಗದ ಚಪ್ಪಟೆಯಲ್ಲಿ ಕೆತ್ತಿರುವ ಅಳತೆಯನ್ನು ನೋಡಿ. ನಳಿಗೆಯ ಮೇಲ್ಮೈಯಲ್ಲಿ ಮರದ ಗೆರೆಯಂತೆ ಸುತ್ತುಸುತ್ತಾದ ಕಂದು ವಿನ್ಯಾಸ ಕಂಡರೆ ಅದು ಡಮಾಸ್ಕಸ್ ನಳಿಗೆ, ಅದಕ್ಕೆ ಇಂದಿನ ಹೊಗೆಯಿಲ್ಲದ ಮದ್ದಿನ ಕಾಡತೂಸನ್ನು ಹಾಕಲೇಬಾರದು. ಪರವಾನಗಿ ಪಡೆದ ದುರಸ್ತಿಗಾರರಿಗೆ ತೋರಿಸದೆ ಮುಂದಿನ ಯಾವ ಮಾತಿಗೂ ಅರ್ಥವಿಲ್ಲ.

ಇನ್ನು ಚರೆಯ, ಅಂದರೆ ಕಾಡತೂಸಿನೊಳಗಿನ ಸೀಸದ ಗುಂಡುಗಳ ಲೆಕ್ಕ. ನಮ್ಮಲ್ಲಿ ಇಂದಿಗೂ ಹಳೆಯ ಬ್ರಿಟಿಷ್ ಹೆಸರುಗಳೇ ನಡೆಯುತ್ತವೆ. ಆ ಲೆಕ್ಕದಲ್ಲಿ ಒಂದು ಔನ್ಸ್ ಸೀಸಕ್ಕೆ ಎಲ್‌ಜಿ ಆರು, ಎಸ್‌ಜಿ ಎಂಟು, ಎಸ್‌ಎಸ್‌ಜಿ ಹದಿನೈದು, ಬಿಬಿ 70, ನಾಲ್ಕನೇ ನಂಬರು 170. ಎಲ್‌ಜಿಯ ಒಂದೊಂದು ಗುಂಡೂ ಸುಮಾರು 9 ಮಿಲಿಮೀಟರ್ ದಪ್ಪ, ನಾಲ್ಕೂಮುಕ್ಕಾಲು ಗ್ರಾಂ ತೂಕ, ಹೆಚ್ಚುಕಡಿಮೆ ಒಂದು ಸಣ್ಣ ಪಿಸ್ತೂಲಿನ ಗುಂಡಿನಂತೆಯೇ. ಎಸ್‌ಎಸ್‌ಜಿ 6.8 ಮಿಲಿಮೀಟರ್, ಎರಡು ಗ್ರಾಂಗೂ ಸ್ವಲ್ಪ ಕಡಿಮೆ. ಬಿಬಿ 4.1 ಮಿಲಿಮೀಟರ್. ವೇಗ ಒಂದೇ ಇದ್ದರೂ ಹಗುರವಾದ ಚರೆ ತಡೆಯೊಂದಕ್ಕೆ ಬಡಿದೊಡನೆ ಶಕ್ತಿಯನ್ನು ಕಳೆದುಕೊಳ್ಳುತ್ತದೆ, ಭಾರವಾದ ಗುಂಡು ಒಂದು ಬಾಗಿಲನ್ನು ದಾಟಿಯೂ ಮತ್ತೊಬ್ಬನನ್ನು ಕೊಲ್ಲುವಷ್ಟು ಶಕ್ತಿಯನ್ನು ಉಳಿಸಿಕೊಂಡಿರುತ್ತದೆ.

ಅಮೆರಿಕದವರು ತಮ್ಮ ಮನೆಗಳ ಜಿಪ್ಸಮ್ ಹಲಗೆಯ ಗೋಡೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಾರೆ. ಅವು ಅರ್ಧ ಅಂಗುಲದ ಹಾಳೆಗಳು, ಯಾವ ಗುಂಡಾದರೂ ದಾಟುತ್ತದೆ. ನಿಮ್ಮ ಒಂಬತ್ತು ಅಂಗುಲದ ಇಟ್ಟಿಗೆ ಗೋಡೆ ಎಲ್‌ಜಿಯನ್ನೂ ನಿಲ್ಲಿಸುತ್ತದೆ, ಅಜ್ಜನ ಕಾಲದ ಮಣ್ಣಿನ ಗೋಡೆ ಇನ್ನೂ ಚೆನ್ನಾಗಿ ನುಂಗಿಕೊಳ್ಳುತ್ತದೆ. ಚಿತ್ರದುರ್ಗದ ಕಡೆಯ ಕಲ್ಲು ಕಟ್ಟಡಗಳಿಗಂತೂ ಆ ಚಿಂತೆಯೇ ಇಲ್ಲ. ನಮ್ಮ ಮನೆಗಳಲ್ಲಿ ಸೋಲುವುದು ಬಾಗಿಲು, ಕಿಟಕಿ, ತಗಡು, ಹೆಂಚು. ಪ್ಲೈವುಡ್ಡಿನ ಫ್ಲಶ್ ಬಾಗಿಲೆಂದರೆ ಒಳಗೆ ಟೊಳ್ಳು ಅಥವಾ ಮೆತು ಮರದ ತುಂಡುಗಳು. ಅದು ಗುಂಡಿಗೆ ತಡೆಯಲ್ಲ, ಪರದೆ ಅಷ್ಟೆ. ಇನ್ನೊಂದು ವಿಚಾರವನ್ನು ಅವರು ಅಷ್ಟಾಗಿ ಬರೆಯುವುದಿಲ್ಲ. ನಮ್ಮ ಸಿಮೆಂಟಿನ ಗಿಲಾವು, ಗ್ರಾನೈಟು, ಟೈಲ್ಸು ಗಟ್ಟಿಯಾದ್ದರಿಂದ ಓರೆಯಾಗಿ ಬಡಿದ ಚರೆ ಸಿಡಿದು ಬೇರೆ ದಿಕ್ಕಿಗೆ ಹೋಗುತ್ತದೆ. ನೆಲದ ಕಡೆಗೆ ಎಚ್ಚರಿಕೆಗೆಂದು ಹಾರಿಸುವುದು ಇದೇ ಕಾರಣಕ್ಕೆ ತಪ್ಪು.

ಸಣ್ಣ ಚರೆ ಸುರಕ್ಷಿತ ಎಂಬ ನಂಬಿಕೆಯನ್ನೂ ಪೂರ್ತಿ ನೆಚ್ಚಬೇಡಿ. ಸೇವೆಯಲ್ಲಿದ್ದಾಗ ಗುಂಡು ಅಭ್ಯಾಸದ ಮೈದಾನದಲ್ಲಿ ಮುಕ್ಕಾಲು ಅಂಗುಲದ ಹಲಗೆಗೆ ಮೂರು ಮೀಟರಿನಿಂದ ನಾಲ್ಕನೇ ನಂಬರನ್ನು ಹಾರಿಸಿ ನೋಡಿದ್ದೆವು. ಚರೆ ಹರಡಲು ಸಮಯವೇ ಸಿಗದೆ ಒಂದೇ ಮುದ್ದೆಯಾಗಿ ಬಡಿದು ಮುಷ್ಟಿಗಿಂತ ಚಿಕ್ಕದಾದ ಒಂದೇ ತೂತು ಬಿದ್ದಿತ್ತು. ಹಿಂಬದಿಯಲ್ಲಿ ಸೀಳಿದ ಮರದ ಚಕ್ಕೆಗಳು ಗೇಣುದ್ದ ಹೊರಗೆ ಚಾಚಿಕೊಂಡಿದ್ದವು. ಸಾಮಾನ್ಯ ಲೆಕ್ಕದಲ್ಲಿ ಒಂದು ಗಜ ದೂರಕ್ಕೆ ಒಂದು ಅಂಗುಲ ಹರಡುತ್ತದೆ, ನಳಿಗೆಯ ತುದಿ ಕಿರಿದಾಗಿದ್ದರೆ ಅದಕ್ಕಿಂತಲೂ ಕಡಿಮೆ. ಆದ್ದರಿಂದ ಕೋಣೆಯೊಳಗೆ ಗುರಿಯಿಡದೆಯೂ ಕೋವಿಯ ಈಡು ತಗಲುತ್ತದೆ ಎಂಬುದು ಸುಳ್ಳು. ಇನ್ನೊಂದು ಕಡೆ, ಹತ್ತು ಹನ್ನೆರಡು ಮೀಟರಿಗೆ ಅದೇ ನಾಲ್ಕನೇ ನಂಬರು ದಪ್ಪ ಕಂಬಳಿ ಹೊದ್ದವನ ಮೈಯೊಳಗೆ ಆಳಕ್ಕೆ ಇಳಿಯದಿರಬಹುದು, ಅವನು ಅರೆಗಾಯದಲ್ಲಿ ಕೋಪಗೊಂಡು ಮುಂದಕ್ಕೇ ಬರಬಹುದು.

ನನ್ನ ಅಭಿಪ್ರಾಯ ಕೇಳಿದರೆ, ನಿಮ್ಮ ಮನೆಗೆ ಎಲ್‌ಜಿ ಬೇಡ. ಕೋವಿಯ ಅಳತೆಗೆ ಹೊಂದುವ ಎಸ್‌ಎಸ್‌ಜಿ ಸಿಕ್ಕರೆ ಅದು ನಡುವಿನ ದಾರಿ, ಸಿಗದಿದ್ದರೆ ಬಿಬಿ. ಒಂಟಿ ಗುಂಡನ್ನಂತೂ ಮನೆಯಲ್ಲಿ ಇಟ್ಟುಕೊಳ್ಳಲೇಬೇಡಿ. ಆದರೆ ಎಸ್‌ಎಸ್‌ಜಿಯೂ ನಿಮ್ಮ ಫ್ಲಶ್ ಬಾಗಿಲನ್ನು ದಾಟುತ್ತದೆ, ತಗಡನ್ನೂ ದಾಟುತ್ತದೆ. ಮನುಷ್ಯನನ್ನು ತಡೆದು ಬಾಗಿಲನ್ನು ದಾಟದ ಕಾಡತೂಸನ್ನು ಯಾರೂ ಮಾಡಿಲ್ಲ. ಆದ್ದರಿಂದ ಉತ್ತರ ಪೆಟ್ಟಿಗೆಯಲ್ಲಿಲ್ಲ, ನೀವು ನಿಲ್ಲುವ ಜಾಗದಲ್ಲಿದೆ. ಹಗಲು ಹೊತ್ತಿನಲ್ಲಿ ಖಾಲಿ ಕೈಯಲ್ಲಿ ಪಡಸಾಲೆಯಲ್ಲಿ ನಿಂತು ನೋಡಿ: ಎಲ್ಲಿ ನಿಂತರೆ ಒಳಬರುವವನ ಬೆನ್ನ ಹಿಂದೆ ಇಟ್ಟಿಗೆ ಗೋಡೆಯಿರುತ್ತದೆ, ಎಲ್ಲಿ ನಿಂತರೆ ಮಕ್ಕಳ ಬಾಗಿಲಿರುತ್ತದೆ? ಮಕ್ಕಳ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುವಂತಾದರೆ ನಿಮ್ಮ ಗುಂಡು ಅತ್ತ ಹೋಗುವ ಪ್ರಶ್ನೆಯೇ ಇಲ್ಲ. ಅಡುಗೆಮನೆಯ ದಿಕ್ಕಿಗೆ ಯಾವ ಸಂದರ್ಭದಲ್ಲೂ ಹಾರಿಸುವುದಿಲ್ಲವೆಂದು ಇಂದೇ ತೀರ್ಮಾನ ಮಾಡಿ, ಮನೆಯವರಿಗೂ ಹೇಳಿ. ಕತ್ತಲಲ್ಲಿ ಕಾಣದ ಆಕೃತಿಗೆ ಹಾರಿಸಬಾರದು, ಪ್ರಬಲವಾದ ಟಾರ್ಚು ಕೋವಿಯಷ್ಟೇ ಅಗತ್ಯ. ರಾತ್ರಿ ನೀರು ಕುಡಿಯಲು ಎದ್ದ ತಂದೆಯವರೂ ಆ ಕತ್ತಲಲ್ಲಿ ಆಕೃತಿಯೇ.

ಉತ್ತರ: ಶ್ರವಣ ತಜ್ಞೆ, ದಾವಣಗೆರೆ

ಕೋವಿಯ ವಿಚಾರ ನನಗೆ ತಿಳಿಯದು, ಕಿವಿಯ ವಿಚಾರವನ್ನು ಮಾತ್ರ ಹೇಳುತ್ತೇನೆ. 12 ಬೋರಿನ ಈಡಿನ ಸದ್ದು ಹಾರಿಸುವವನ ಕಿವಿಯ ಬಳಿ 150ರಿಂದ 160 ಡೆಸಿಬೆಲ್‌ನಷ್ಟಿರುತ್ತದೆ. ಕ್ಷಣಮಾತ್ರದ ಸದ್ದು 140 ಡೆಸಿಬೆಲ್ ಮೀರಬಾರದೆಂಬುದು ದೊಡ್ಡವರಿಗೆ ಹಲವು ದೇಶಗಳಲ್ಲಿ ಒಪ್ಪಿಕೊಂಡ ಮಿತಿ, ಮಕ್ಕಳಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 120. ನಿಮಗೊಂದು ಹೋಲಿಕೆ ಬೇಕೆಂದರೆ, ನಮ್ಮ ದೇಶದಲ್ಲಿ ಪಟಾಕಿಗೆ ನಾಲ್ಕು ಮೀಟರ್ ದೂರದಲ್ಲಿ 145 ಡೆಸಿಬೆಲ್ ಗರಿಷ್ಠವೆಂದು ನಿಯಮವಿದೆ. ಡೆಸಿಬೆಲ್ಲಿನಲ್ಲಿ ಪ್ರತಿ ಆರು ಹೆಚ್ಚಾದಾಗ ಕಿವಿಗೆ ಬಡಿಯುವ ಒತ್ತಡ ದುಪ್ಪಟ್ಟಾಗುತ್ತದೆ. ಹಾಗಾಗಿ 145ಕ್ಕೂ 157ಕ್ಕೂ ಇರುವ ವ್ಯತ್ಯಾಸ ಹನ್ನೆರಡಲ್ಲ, ನಾಲ್ಕು ಪಟ್ಟು. ಇವೆಲ್ಲ ಬಯಲಿನ ಅಳತೆಗಳು. ಟೈಲ್ಸು, ಗಿಲಾವಿನ ಗೋಡೆ, ಆರ್‌ಸಿಸಿ ಚಾವಣಿಯಿರುವ ಕೋಣೆಯಲ್ಲಿ ಆ ಸದ್ದು ಹೊರಗೆ ಹೋಗಲಾರದೆ ಗೋಡೆಯಿಂದ ಗೋಡೆಗೆ ಬಡಿದು ಮತ್ತೆ ಮತ್ತೆ ಕಿವಿಗೇ ಬರುತ್ತದೆ.

ಮದ್ದು ಕಡಿಮೆಯಿರುವ ಕಾಡತೂಸಿನಿಂದ ಕೆಲವು ಡೆಸಿಬೆಲ್ ಇಳಿಯಬಹುದೇ ಹೊರತು 140ರ ಕೆಳಗೆ ಬರುವುದಿಲ್ಲ. ಸದ್ದನ್ನು ನೋಡಿ ಕಾಡತೂಸು ಆರಿಸುವುದರಿಂದ ನಿಮ್ಮ ಮಕ್ಕಳಿಗೆ ಲಾಭವಿಲ್ಲ. ಒಳಕಿವಿಯಲ್ಲಿ ಸದ್ದನ್ನು ಗ್ರಹಿಸುವ ಕೂದಲಿನಂತಹ ಸೂಕ್ಷ್ಮ ಕೋಶಗಳಿವೆ. ಒಮ್ಮೆ ಸತ್ತರೆ ಅವು ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಒಂದೇ ಒಂದು ಈಡಿನಿಂದ ಶಾಶ್ವತವಾಗಿ ಶ್ರವಣಶಕ್ತಿ ಕುಂದಿದವರನ್ನು ನಾನು ಪರೀಕ್ಷಿಸಿದ್ದೇನೆ. ಮದುವೆ ದಿಬ್ಬಣವೊಂದರಲ್ಲಿ ಪಕ್ಕದವನು ಹಾರಿಸಿದ ಕೋವಿಯಿಂದ ಎಡಗಿವಿಯಲ್ಲಿ ಜೀರುಂಡೆಯ ಸದ್ದು ಹತ್ತಿಕೊಂಡ ಯುವಕನಿಗೆ ಏಳು ವರ್ಷವಾದರೂ ಅದು ನಿಂತಿಲ್ಲ. ಮಲಗುವಾಗ ಫ್ಯಾನು ಹಾಕಿಕೊಂಡು ಆ ಸದ್ದನ್ನು ಮುಚ್ಚಿಕೊಳ್ಳುತ್ತಾನೆ. ಬಲಗೈಯವರು ಉದ್ದ ಕೋವಿ ಹಿಡಿದಾಗ ನಳಿಗೆಯ ತುದಿಗೆ ಎಡಗಿವಿ ಹೆಚ್ಚು ತೆರೆದುಕೊಳ್ಳುವುದರಿಂದ ಹಳೆಯ ಬೇಟೆಗಾರರಲ್ಲಿ ಎಡಗಿವಿಯೇ ಮೊದಲು ಮಂದವಾಗಿರುತ್ತದೆ.

ನೀವು ಮಾಡಬಹುದಾದದ್ದು ಇಷ್ಟು. ಕಿವಿ ಮುಚ್ಚುವ ಮಫ್ ಸರಿಯಾಗಿ ಕೂತರೆ 20ರಿಂದ 30 ಡೆಸಿಬೆಲ್ ತಗ್ಗುತ್ತದೆ. ಸಣ್ಣ ಸದ್ದನ್ನು ಕೇಳಿಸಿ ದೊಡ್ಡ ಸದ್ದನ್ನು ತಡೆಯುವ ಎಲೆಕ್ಟ್ರಾನಿಕ್ ಮಫ್‌ಗಳೂ ಇವೆ, ಹೆಜ್ಜೆ ಸದ್ದು ಕೇಳಬೇಕಾದ ಹೊತ್ತಿನಲ್ಲಿ ಅವು ಅನುಕೂಲ. ಮಕ್ಕಳಿಗೆ ಅಳತೆಯ ಮಫ್ ತಂದು ಅವರ ಕೋಣೆಯಲ್ಲೇ ನೇತುಹಾಕಿ. ಅದಕ್ಕಿಂತ ದೊಡ್ಡ ರಕ್ಷಣೆ ದೂರ ಮತ್ತು ಮುಚ್ಚಿದ ಬಾಗಿಲು. ಅಕಸ್ಮಾತ್ ಈಡು ಹಾರಿ ಯಾರಿಗಾದರೂ ಕಿವಿ ಮಂದವಾದರೆ, ತಾನೇ ಸರಿಹೋಗುತ್ತದೆಂದು ವಾರಗಟ್ಟಲೆ ಕಾಯಬೇಡಿ. ಮೊದಲ ಒಂದೆರಡು ದಿನದಲ್ಲೇ ಕಿವಿ ವೈದ್ಯರ ಬಳಿ ಹೋದರೆ ಚಿಕಿತ್ಸೆ ಫಲಿಸುವ ಸಂಭವ ಹೆಚ್ಚು. ಐದು ವರ್ಷದ ಮಗು ತನಗೆ ಕೇಳಿಸುತ್ತಿಲ್ಲವೆಂದು ಬಾಯಿಬಿಟ್ಟು ಹೇಳುವುದಿಲ್ಲ, ಕರೆದಾಗ ತಿರುಗುತ್ತದೆಯೇ ಎಂದು ನೀವೇ ಗಮನಿಸಬೇಕು.

ಉತ್ತರ: ವಕೀಲ, ಚಿತ್ರದುರ್ಗ

ಸದ್ದಿನ ಪ್ರಶ್ನೆಗೆ ಕಾನೂನಿನ ಕಡೆಯಿಂದ ಮೊದಲ ಉತ್ತರ: ಸದ್ದಡಗಿಸುವ ಸಾಧನವನ್ನು ಯಾರಾದರೂ ಕೊಡುತ್ತೇನೆಂದರೆ ಮುಟ್ಟಬೇಡಿ, ಸಾಮಾನ್ಯ ಪರವಾನಗಿದಾರನಿಗೆ ಅದು ನಿಷಿದ್ಧ. ಕೋಣೆಯೊಳಗೆ ತಿರುಗಿಸಲು ಸುಲಭವೆಂದು ನಳಿಗೆಯನ್ನು ಕತ್ತರಿಸುವವರಿದ್ದಾರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಕಲಮಿನ ಪ್ರಕಾರ ಪರವಾನಗಿಯಿಲ್ಲದೆ ನಳಿಗೆಯನ್ನು ಮೋಟುಗೊಳಿಸುವುದೇ ಅಪರಾಧ. ಕತ್ತರಿಸಿದ ನಳಿಗೆಯ ಸದ್ದೂ ಬೆಂಕಿಯೂ ಹೆಚ್ಚೆಂಬುದನ್ನು ಮೇಲಿನ ಹಿರಿಯರೇ ಹೇಳಬಲ್ಲರು. ಕಾಡತೂಸನ್ನು ಮನೆಯಲ್ಲಿ ಬಿಚ್ಚಿ ಮದ್ದನ್ನೋ ಚರೆಯನ್ನೋ ಬದಲಾಯಿಸುವ ಯೋಚನೆಯನ್ನೂ ಬಿಟ್ಟುಬಿಡಿ. ಪರವಾನಗಿ ಪುಸ್ತಕದಲ್ಲಿ ಒಂದು ಬಾರಿಗೆ ಎಷ್ಟು, ವರ್ಷಕ್ಕೆ ಎಷ್ಟು ಎಂದು ಬರೆದಿದೆಯೋ ಅಷ್ಟೇ ಕೊಳ್ಳಬೇಕು. ತಂದೆಯವರ ಹಳೆಯ ಕಾಡತೂಸುಗಳೂ ಆ ಲೆಕ್ಕದೊಳಗೇ ಬರುತ್ತವೆ.

ಈಗ ಮುಖ್ಯ ಮಾತು. ಅಂಗಳದಲ್ಲಿ ಒಣಗುವ ಅಡಿಕೆಯನ್ನು ಹೊತ್ತು ಓಡುವವನ ಮೇಲೆ ಕೋವಿ ಹಾರಿಸುವ ಹಕ್ಕು ನಿಮಗಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಸ್ವರಕ್ಷಣೆಯ ಹಕ್ಕನ್ನು ಹೇಳುತ್ತವೆ. ಹಳೆಯ ದಂಡ ಸಂಹಿತೆಯಲ್ಲಿ ಅವು 96ರಿಂದ 106 ಆಗಿದ್ದವು. ಆಸ್ತಿಗಾಗಿ ಪ್ರಾಣ ತೆಗೆಯುವವರೆಗೂ ಹಕ್ಕು ಹೋಗುವ ಸಂದರ್ಭಗಳನ್ನು 41ನೇ ಕಲಮು ಎಣಿಸುತ್ತದೆ: ದರೋಡೆ, ಸೂರ್ಯಾಸ್ತದ ನಂತರ ಸೂರ್ಯೋದಯಕ್ಕೆ ಮುನ್ನ ಮನೆ ಮುರಿಯುವುದು, ವಾಸದ ಮನೆಗೆ ಅಥವಾ ಸರಕಿಡುವ ಕಟ್ಟಡಕ್ಕೆ ಬೆಂಕಿಯಿಡುವುದು, ಮತ್ತು ಪ್ರಾಣಕ್ಕೋ ಘೋರ ಗಾಯಕ್ಕೋ ಸಹಜವಾಗಿ ಹೆದರುವಂತೆ ನಡೆಯುವ ಕಳ್ಳತನ ಅಥವಾ ಅತಿಕ್ರಮಣ. ಇಷ್ಟಾದರೂ 37ನೇ ಕಲಮಿನ ಎರಡು ಕಟ್ಟುಗಳು ಇದ್ದೇ ಇರುತ್ತವೆ. ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಹಕ್ಕಿಲ್ಲ, ಅಗತ್ಯಕ್ಕಿಂತ ಹೆಚ್ಚಿನ ಹಾನಿ ಮಾಡುವ ಹಕ್ಕು ಯಾರಿಗೂ ಇಲ್ಲ. ನೀವು ಹೇಳಿದ ರಾತ್ರಿಯಲ್ಲಿ ಅವರು ಓಡತೊಡಗಿದ ಕ್ಷಣಕ್ಕೆ ಪ್ರಾಣಭಯ ಮುಗಿದಿತ್ತು. ಬೆನ್ನಿಗೆ ಬಿದ್ದ ಚರೆಯನ್ನು ನ್ಯಾಯಾಲಯದಲ್ಲಿ ಸಮರ್ಥಿಸುವುದು ಬಹಳ ಕಷ್ಟ.

ಗುಂಡು ದಾಟಿ ಬೇರೆಯವರಿಗೆ ತಗಲುವ ನಿಮ್ಮ ಭಯಕ್ಕೂ ಕಾನೂನಿನಲ್ಲಿ ಉತ್ತರವಿದೆ. 44ನೇ ಕಲಮಿನ ಪ್ರಕಾರ ಪ್ರಾಣಾಂತಿಕ ಹಲ್ಲೆಯನ್ನು ಎದುರಿಸುವಾಗ ನಿರಪರಾಧಿಗೆ ಅಪಾಯವಾಗದೆ ರಕ್ಷಿಸಿಕೊಳ್ಳುವುದು ಸಾಧ್ಯವೇ ಇಲ್ಲದಿದ್ದರೆ ಆ ಅಪಾಯವನ್ನು ತೆಗೆದುಕೊಳ್ಳುವವರೆಗೂ ಹಕ್ಕು ಚಾಚುತ್ತದೆ. ಆದರೆ ಇದು ಪ್ರಾಣಭಯವಿದ್ದಾಗ ಮಾತ್ರ, ಅಡಿಕೆ ಚೀಲಕ್ಕಲ್ಲ. ಅಡುಗೆಮನೆಯ ಹಿಂದೆ ಒಂದು ಕುಟುಂಬವಿದೆಯೆಂದು ತಿಳಿದೂ ಬೇರೆ ದಾರಿಯಿದ್ದೂ ಆ ದಿಕ್ಕಿಗೆ ಹಾರಿಸಿದರೆ ಈ ಕಲಮು ನಿಮ್ಮನ್ನು ಕಾಯುವುದಿಲ್ಲ. ಹಿರಿಯರು ಹೇಳಿದ ನಿಲ್ಲುವ ಜಾಗದ ಮಾತು ನನ್ನ ದೃಷ್ಟಿಯಲ್ಲೂ ಮೊದಲನೆಯದು. ಎರಡನೆಯದು 112ಕ್ಕೆ ಕರೆ. ಬಾಗಿಲ ಸದ್ದು ಕೇಳಿದೊಡನೆ ಕರೆ ಮಾಡಿರುವುದು ಆಮೇಲೆ ನಿಮ್ಮ ಪರವಾದ ದಾಖಲೆಯಾಗುತ್ತದೆ, ಅದಕ್ಕಿಂತ ಮುಖ್ಯವಾಗಿ ನೆರವು ಹೊರಡುತ್ತದೆ.

ಮರುಮಾತು: ಅಡಿಕೆ ಬೆಳೆಗಾರ, ಚನ್ನಗಿರಿ ತಾಲ್ಲೂಕು

ಮೂವರಿಗೂ ನನ್ನ ಕೃತಜ್ಞತೆಗಳು. ಹಿರಿಯರು ಬರೆದದ್ದನ್ನು ಓದಿದ ರಾತ್ರಿಯೇ ಕೋವಿಯನ್ನು ಬಿಚ್ಚಿ ಮೇಜಿನ ಮೇಲೆ ಹಳೆಯ ಪಂಚೆ ಹಾಸಿ ನಳಿಗೆಯನ್ನು ಮಗುಚಿ ನೋಡಿದೆ. ಎಣ್ಣೆಯ ಜಿಡ್ಡನ್ನು ಒರೆಸಿದ ಮೇಲೆ ಎರಡೂವರೆ ಎಂಬ ಅಂಕಿ ಕಂಡಿತು. ಕಪಾಟಿನಿಂದ ನನ್ನ ಎಲ್‌ಜಿ ಪೆಟ್ಟಿಗೆಯನ್ನು ತೆಗೆದರೆ ಅದರ ಮೇಲೆ 70 ಮಿಲಿಮೀಟರ್ ಎಂದಿದೆ. ಎರಡು ವರ್ಷ ಅದೇ ಕಾಡತೂಸನ್ನು ನಂಬಿ ಮಲಗಿದ್ದೆ, ಹಿಂಬಾಗಿಲು ಮೀಟಿದ ರಾತ್ರಿ ಕೈಯಲ್ಲಿ ಹಿಡಿದಿದ್ದೂ ಅದನ್ನೇ. ಕೊಟ್ಟವರು ಕೋವಿಯ ಅಳತೆಯನ್ನು ಕೇಳಲಿಲ್ಲ, ನಾನೂ ಹೇಳಲಿಲ್ಲ. ತಂದೆಯವರ ನಾಲ್ಕನೇ ನಂಬರಿನವು 65ರವೇ, ಆದರೆ ಕಾಗದದ ಕವಚದವು. ಮಳೆಗಾಲದ ತೇವಕ್ಕೆ ಮೂರು ಊದಿಕೊಂಡಿವೆ, ಬುಡದ ಹಿತ್ತಾಳೆ ಹಸಿರುಗಟ್ಟಿದೆ. ಒಂದನ್ನು ಪೆಟ್ಟಿಗೆಯ ತೂತಿನಿಂದ ಎಳೆದರೆ ಕವಚದ ಸಿಪ್ಪೆಯೇ ಕೈಗೆ ಬಂತು. ಇವನ್ನೆಲ್ಲ ಏನು ಮಾಡುವುದು?

ಉತ್ತರ: ನಿವೃತ್ತ ಆರ್ಮರರ್, ದಾವಣಗೆರೆ

ನೋಡಿದ್ದು ದೊಡ್ಡ ಕೆಲಸ. ಊದಿದ ಕಾಡತೂಸು ನಳಿಗೆಯ ಕೋಣೆಯೊಳಗೆ ಸಿಕ್ಕಿಹಾಕಿಕೊಳ್ಳುತ್ತದೆ. ಇಲ್ಲವೇ ಕೋವಿಯ ಕುದುರೆ (ಕಾಡತೂಸನ್ನು ಹೊತ್ತಿಸಲು ಬಡಿಯುವ ಸುತ್ತಿಗೆ) ಬಿದ್ದರೂ ತಡವಾಗಿ ಹೊತ್ತಿ, ಕೋವಿ ಬಿಚ್ಚುವ ಹೊತ್ತಿಗೆ ಮುಖದೆದುರು ಸಿಡಿಯಬಹುದು. ಅವನ್ನು ನಾಲೆಗೆ ಎಸೆಯಬೇಡಿ, ಹೂಳಬೇಡಿ, ಬೆಂಕಿಗಂತೂ ಹಾಕಲೇಬೇಡಿ. ಎಲ್ಲವನ್ನೂ ಪುಸ್ತಕದೊಂದಿಗೆ ಪರವಾನಗಿ ಪಡೆದ ಮಾರಾಟಗಾರರಲ್ಲಿಗೆ ಅಥವಾ ನಿಮ್ಮ ಠಾಣೆಗೆ ಒಯ್ದು, ಒಪ್ಪಿಸಿದ್ದಕ್ಕೆ ರಸೀದಿ ಪಡೆಯಿರಿ. ಹೊಸತನ್ನು 65ರ ಅಳತೆ ಹೇಳಿಯೇ ತನ್ನಿ. ಗಾಳಿಯಾಡದ ಉಕ್ಕಿನ ಡಬ್ಬಿಯಲ್ಲಿ ತೇವ ಹೀರುವ ಪುಡಿಯ ಚೀಲದೊಂದಿಗೆ ಬೀಗ ಹಾಕಿಡಿ, ಡಬ್ಬಿಯ ಮೇಲೆ ತಂದ ತಿಂಗಳನ್ನು ಬರೆಯಿರಿ. ಕೋವಿ ಬೇರೆ ಕಪಾಟಿನಲ್ಲಿ, ಖಾಲಿಯಾಗಿ, ಬೀಗದಲ್ಲಿ ಇರಲಿ. ಒಂಬತ್ತು ವರ್ಷದ ಹುಡುಗನಿಗೆ ಬೀಗದ ಕೈ ಇರುವ ಜಾಗ ಗೊತ್ತಿದ್ದರೆ ಅದು ಬೀಗವೇ ಅಲ್ಲ.

ಮರುಮಾತು: ಅಡಿಕೆ ಬೆಳೆಗಾರ, ಚನ್ನಗಿರಿ ತಾಲ್ಲೂಕು

ಇಂದು ಎಲ್ಲವನ್ನೂ ಒಪ್ಪಿಸಿ ರಸೀದಿ ಪಡೆದೆ. ಕೋವಿ ದುರಸ್ತಿಗಾರರ ಬಳಿಯಿದೆ, ಬಲಗಡೆಯ ಕುದುರೆಯ ಸ್ಪ್ರಿಂಗ್ ಸಡಿಲವಾಗಿದೆ ಎಂದರು. ನಿನ್ನೆ ಹೆಂಡತಿಯನ್ನು ಹಿಂಬಾಗಿಲ ಬಳಿ ನಿಲ್ಲಿಸಿ, ನಾನು ಪಡಸಾಲೆಯ ನಾಲ್ಕೂ ಮೂಲೆಗಳಲ್ಲಿ ನಿಂತು ನೋಡಿದೆವು. ಇಷ್ಟು ದಿನ ನಾನು ನಿಲ್ಲಬೇಕೆಂದುಕೊಂಡಿದ್ದ ಜಾಗದಿಂದ ಅವಳ ಬೆನ್ನ ಹಿಂದೆ ಅಡುಗೆಮನೆಯ ಕಿಟಕಿ, ಅದರಾಚೆ ಆ ತಗಡಿನ ಮನೆಯೇ ಕಾಣುತ್ತಿತ್ತು. ಮಕ್ಕಳ ಬಾಗಿಲಿಗೆ ಬೆನ್ನು ಕೊಟ್ಟು ಎರಡು ಹೆಜ್ಜೆ ಎಡಕ್ಕೆ ಸರಿದರೆ ಅವಳ ಹಿಂದೆ ಬರಿಯ ಗೋಡೆ. ಅಲ್ಲಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದೇವೆ. ಮಕ್ಕಳ ಮಂಚವನ್ನು ಬಾಗಿಲ ನೇರದಿಂದ ಒಳಮೂಲೆಗೆ ಸರಿಸಿದ್ದೇವೆ. ಹಿಂಬಾಗಿಲಿಗೆ ಮತ್ತಿಮರದ ಹಲಗೆಯ ಬಾಗಿಲು, ಒಳಗಿನಿಂದ ಅಡ್ಡಪಟ್ಟಿ ಮಾಡಿಸಲು ಬಡಗಿಗೆ ಹೇಳಿದ್ದೇನೆ, ಭಾನುವಾರ ಬರುತ್ತೇನೆಂದಿದ್ದಾನೆ.